ಗೆದ್ದವರ ಮೇಲೆ ಕೇಸಿದ್ದರೆ

2024ರ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆಯ ಫಲಿತಾಂಶ ಬಂದ ವಾರ. ದಾವಣಗೆರೆಯ ಮಂಡಕ್ಕಿ ಅಂಗಡಿಯೊಂದರಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ತಲೆ ಎತ್ತಿ ಕೇಳಿದರು: "ಅಲ್ರೀ, ಅಪರಾಧಿ ಅಂತ ಕೋರ್ಟೇ ಹೇಳಿದ ಮನುಷ್ಯ ಅಲ್ಲಿ ಅಧ್ಯಕ್ಷ ಆಗಾಕತ್ಯಾನಲ್ಲ, ನಮ್ಮಲ್ಲಿ ಹಿಂಗಾದ್ರೆ ಏನ್ ಆಗ್ತತಿ?" ಎದುರಿಗಿದ್ದವರು ಮಿರ್ಚಿ ಮುರಿಯುತ್ತಲೇ, "ನಮ್ಮಲ್ಲಿ ಹಂಗ್ ಆಗಾಕ ಬಿಡಂಗಿಲ್ಲ ತಗೀರಿ" ಎಂದರು. ಪಕ್ಕದ ಬೆಂಚಿನಿಂದ ಮೂರನೆಯ ದನಿ ಬಂತು: "ಕೇಸ್ ಇದ್ದೋರೇ ಗೆದ್ದು ಬರ್ತಾರಲ್ಲ, ಯಾರು ಬಿಡಂಗಿಲ್ಲ?"

ಇಬ್ಬರು ಹೇಳಿದ್ದೂ ನಿಜ. ನಮ್ಮ ಕಾನೂನು ಅಪರಾಧ ಸಾಬೀತಾದವರನ್ನು ತಡೆಯುತ್ತದೆ, ಆರೋಪ ಹೊತ್ತವರನ್ನು ತಡೆಯುವುದಿಲ್ಲ. ಈ ಎರಡರ ನಡುವೆ ಐದೋ ಹತ್ತೋ ಹದಿನೈದೋ ವರ್ಷಗಳ ಅಂತರ ಇರುತ್ತದೆ. ನಮ್ಮ ಸಾರ್ವಜನಿಕ ಬದುಕಿನ ಬಹುಪಾಲು ಗೊಂದಲ ಹುಟ್ಟುವುದು ಆ ಅಂತರದಲ್ಲೇ.

ಕನ್ನಡದಲ್ಲಿ ಅಮೆರಿಕದ ಮುಖ್ಯಸ್ಥರೂ 'ಅಧ್ಯಕ್ಷ', ಹರಿಹರ ತಾಲ್ಲೂಕಿನ ಗ್ರಾಮ ಪಂಚಾಯಿತಿಯ ಮುಖ್ಯಸ್ಥರೂ 'ಅಧ್ಯಕ್ಷ'. ಮಾತು ಒಂದೇ ಆದರೂ ಕಾನೂನು ಇಬ್ಬರನ್ನು ನಡೆಸಿಕೊಳ್ಳುವ ರೀತಿ ಬೇರೆ ಬೇರೆ. ಕುರ್ಚಿ ಎತ್ತರವಾದಷ್ಟೂ ಕಾನೂನಿನ ಕೈ ನಿಧಾನವಾಗುತ್ತದೆ ಎಂಬುದು ಈ ವಿಷಯವನ್ನು ಹಿಂಬಾಲಿಸಿ ನೋಡಿದ ಮೇಲೆ ನನಗೆ ಉಳಿದಿರುವ ಕಳವಳ.

ನಮ್ಮಲ್ಲಿ 'ಕೇಸ್ ಇದೆ' ಎಂಬ ಒಂದೇ ಮಾತಿನಲ್ಲಿ ನಾಲ್ಕು ಹಂತಗಳು ಸೇರಿಹೋಗಿವೆ. ಠಾಣೆಯಲ್ಲಿ ಎಫ್‌ಐಆರ್ ದಾಖಲಾಗುವುದು ಮೊದಲನೆಯದು. ಅದಕ್ಕೆ ಒಂದು ದೂರು ಸಾಕು. ತನಿಖೆ ಮುಗಿಸಿದ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸುವುದು ಎರಡನೆಯದು. ನ್ಯಾಯಾಧೀಶರು ಆ ಪಟ್ಟಿಯನ್ನು ನೋಡಿ, ವಿಚಾರಣೆ ನಡೆಸಲು ಆಧಾರವಿದೆ ಎಂದು ಆರೋಪ ನಿಗದಿ ಮಾಡುವುದು ಮೂರನೆಯದು. ಸಾಕ್ಷಿಗಳೆಲ್ಲ ಮುಗಿದು ಅಪರಾಧ ಸಾಬೀತಾಯಿತೆಂದು ತೀರ್ಪು ಬರುವುದು ನಾಲ್ಕನೆಯದು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ ಎಚ್ಚರಗೊಳ್ಳುವುದು ಈ ನಾಲ್ಕನೆಯ ಹಂತದಲ್ಲಿ ಮಾತ್ರ. ಸಾಮಾನ್ಯ ಅಪರಾಧವಾದರೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸಜೆಯಾಗಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯಂಥ ಕೆಲವು ಕಾನೂನುಗಳಡಿ ಬರೀ ದಂಡ ಬಿದ್ದರೂ ಆರು ವರ್ಷ ಅನರ್ಹತೆ. ಜೈಲು ಸಜೆಯಾದರೆ ಅದು ಮುಗಿದು ಬಿಡುಗಡೆಯಾದ ಮೇಲೂ ಆರು ವರ್ಷ.

ಮೊದಲು ಹಾಲಿ ಶಾಸಕ, ಸಂಸದರಿಗೆ ಒಂದು ರಿಯಾಯಿತಿ ಇತ್ತು. ತೀರ್ಪು ಬಂದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಿಕೊಂಡರೆ ಅದು ಇತ್ಯರ್ಥವಾಗುವವರೆಗೂ ಸ್ಥಾನ ಹೋಗುತ್ತಿರಲಿಲ್ಲ. 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಉಪಕಲಮನ್ನೇ ತೆಗೆದುಹಾಕಿತು. ಅಂದಿನಿಂದ ತೀರ್ಪು ಬಂದ ದಿನವೇ ಸ್ಥಾನ ಹೋಗಬೇಕು. ಮೇಲಿನ ಕೋರ್ಟು ಆ ತೀರ್ಪನ್ನೇ ತಡೆದರೆ ಮಾತ್ರ ಅನರ್ಹತೆ ನಿಲ್ಲುತ್ತದೆ. ಇದರ ಬಿಸಿ ಇಡೀ ದೇಶಕ್ಕೆ ತಟ್ಟಿದ್ದು ನಮ್ಮ ಕೋಲಾರದ ಒಂದು ಭಾಷಣದಿಂದ. 2019ರ ಏಪ್ರಿಲ್‌ನಲ್ಲಿ ಅಲ್ಲಿ ಆಡಿದ ಮಾತಿಗಾಗಿ ಸೂರತ್ ಕೋರ್ಟು 2023ರ ಮಾರ್ಚ್ 23ರಂದು ರಾಹುಲ್ ಗಾಂಧಿಯವರಿಗೆ ಎರಡು ವರ್ಷ ಸಜೆ ವಿಧಿಸಿತು, ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಅದು ಮರಳಿತು.

ಎಲ್ಲರ ವಿಷಯದಲ್ಲೂ ಕಾನೂನು ಇಷ್ಟು ಚುರುಕಾಗಿರುವುದಿಲ್ಲ. ಬೇಲೆಕೇರಿ ಅದಿರು ಪ್ರಕರಣದಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೆ 2024ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಏಳು ವರ್ಷ ಸಜೆ ವಿಧಿಸಿತು. ನವೆಂಬರ್ ಮಧ್ಯದಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ನಡುವಿನ ಎರಡು ವಾರಕ್ಕೂ ಮೀರಿದ ಅವಧಿಯಲ್ಲಿ ಅವರ ಸ್ಥಾನ ತೆರವಾಯಿತೆಂಬ ಅಧಿಸೂಚನೆ ವಿಧಾನಸಭೆಯಿಂದ ಹೊರಬೀಳಲಿಲ್ಲ. 2025ರ ಮೇ 6ರಂದು ಓಬಳಾಪುರಂ ಗಣಿ ಪ್ರಕರಣದಲ್ಲಿ ಗಂಗಾವತಿಯ ಶಾಸಕ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ನ್ಯಾಯಾಲಯ ಅಷ್ಟೇ ವರ್ಷ ಸಜೆ ಕೊಟ್ಟಾಗ ಒಂದೆರಡು ದಿನಗಳಲ್ಲೇ ಅನರ್ಹತೆಯ ಅಧಿಸೂಚನೆ ಬಂತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟಿನ ಆದೇಶದ ಬಲದಿಂದ ಅವರೂ ಸದಸ್ಯತ್ವ ಮರಳಿ ಪಡೆದರು. ಇಬ್ಬರಲ್ಲಿ ಯಾರ ಪಕ್ಷವನ್ನೂ ನಾನು ವಹಿಸುತ್ತಿಲ್ಲ. ಒಂದೇ ವಿಧಾನಸಭೆ, ಒಂದೇ ಕಲಂ, ಸಜೆಯೂ ಏಳೇ ವರ್ಷ. ಅಧಿಸೂಚನೆಯ ನಡಿಗೆ ಮಾತ್ರ ಎರಡು ಬಗೆ. ತೀರ್ಪು ಬಂದ ಕ್ಷಣದಲ್ಲೇ ಅನರ್ಹತೆ ಹುಟ್ಟುತ್ತದೆ ಎನ್ನುವ ಕಾನೂನಿನಲ್ಲಿ, ಅದನ್ನು ಕಾಗದಕ್ಕೆ ಇಳಿಸುವ ಕೈಗೆ ಇಷ್ಟು ಸ್ವಾತಂತ್ರ್ಯ ಇರಬಾರದು.

ಇನ್ನು ನಮ್ಮ ಜಿಲ್ಲೆಗೆ ಬರೋಣ. 2023ರ ಮಾರ್ಚ್ 2ರಂದು, ವಿಧಾನಸಭಾ ಚುನಾವಣೆಗೆ ಎರಡೇ ತಿಂಗಳಿದ್ದಾಗ, ಚನ್ನಗಿರಿಯ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಮಗ 40 ಲಕ್ಷ ರೂಪಾಯಿ ಲಂಚ ಪಡೆಯುತ್ತಿದ್ದಾಗ ಬೆಂಗಳೂರಿನಲ್ಲಿ ಲೋಕಾಯುಕ್ತ ಪೊಲೀಸರಿಗೆ ಸಿಕ್ಕಿಬಿದ್ದರೆಂಬ ಸುದ್ದಿ ಬಂತು. ಮಗ ಬೆಂಗಳೂರು ಜಲಮಂಡಳಿಯಲ್ಲಿ ಲೆಕ್ಕಾಧಿಕಾರಿ, ತಂದೆ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಅಂದರೆ ಮೈಸೂರು ಸ್ಯಾಂಡಲ್ ಸೋಪಿನ ಕಂಪನಿಗೆ ಅಧ್ಯಕ್ಷರು. ಶೋಧದಲ್ಲಿ ಕೋಟಿಗಟ್ಟಲೆ ನಗದು ಸಿಕ್ಕಿತು. ಅದು ಅಡಿಕೆ ಮಾರಿದ ಹಣವೆಂದು ಶಾಸಕರು ಹೇಳಿದ್ದು ಚನ್ನಗಿರಿಯ ತೋಟಗಳಿಂದ ಹಿಡಿದು ದಾವಣಗೆರೆಯ ಮಂಡಿಗಳವರೆಗೆ ಚರ್ಚೆಯಾಯಿತು. ಅವರು ನಿಗಮದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಶಾಸಕ ಸ್ಥಾನ ಹಾಗೇ ಉಳಿಯಿತು. ಮೊದಲು ಸಿಕ್ಕ ಮಧ್ಯಂತರ ನಿರೀಕ್ಷಣಾ ಜಾಮೀನನ್ನು ಹೈಕೋರ್ಟ್ ಮಾರ್ಚ್ 27ರಂದು ಮುಂದುವರಿಸಲು ಒಪ್ಪಲಿಲ್ಲ, ಅಂದೇ ತುಮಕೂರಿನ ಬಳಿ ಬಂಧನವಾಯಿತು. ಬಂಧನದಲ್ಲಿದ್ದಾಗಲೂ ಅವರು ಚನ್ನಗಿರಿಯ ಶಾಸಕರೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕದ ಸರ್ಕಾರಿ ನೌಕರ ಕ್ರಿಮಿನಲ್ ಪ್ರಕರಣದಲ್ಲಿ 48 ಗಂಟೆಗೂ ಮೀರಿ ಬಂಧನದಲ್ಲಿದ್ದರೆ, 1957ರ ಸೇವಾ ನಿಯಮಗಳ ಪ್ರಕಾರ ಅವರು ಅಮಾನತಾದಂತೆಯೇ ಲೆಕ್ಕ. ಗುಮಾಸ್ತರಿಗೂ ಅಷ್ಟೇ, ಅಧಿಕಾರಿಗೂ ಅಷ್ಟೇ. ಆರಿಸಿ ಬಂದವರಿಗೆ ಅಂಥ ನಿಯಮವಿಲ್ಲ. ಒಂದೇ ಮನೆಯ ಇಬ್ಬರ ಮೇಲೆ ಒಂದೇ ಪ್ರಕರಣ ದಾಖಲಾದಾಗ ನೌಕರಿಯಲ್ಲಿದ್ದವರಿಗೆ ಒಂದು ಕಾನೂನು, ಮತ ಪಡೆದವರಿಗೆ ಇನ್ನೊಂದು ಎಂಬುದು ನಮ್ಮ ಜಿಲ್ಲೆಯ ಜನರ ಕಣ್ಣೆದುರೇ ನಡೆಯಿತು.

ಇದು ಅನ್ಯಾಯವಲ್ಲವೇ ಎಂದು ಆಗ ನನಗೂ ಅನ್ನಿಸಿತ್ತು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ ವಿರೂಪಾಕ್ಷಪ್ಪನವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಅಷ್ಟರಲ್ಲಿ ಚುನಾವಣೆ ಮುಗಿದಿತ್ತು. ಪಕ್ಷ ಅವರಿಗೆ ಟಿಕೆಟ್ ಕೊಟ್ಟಿರಲಿಲ್ಲ, ಚನ್ನಗಿರಿಯಲ್ಲಿ ಕಾಂಗ್ರೆಸ್ ಗೆದ್ದಿತ್ತು. ಒಂದು ವೇಳೆ ಬಂಧನವಾದ ದಿನವೇ ಶಾಸಕ ಸ್ಥಾನ ಹೋಗುವಂಥ ಕಾನೂನು ಇದ್ದು, ಒಂಬತ್ತು ತಿಂಗಳ ಮೇಲೆ ಪ್ರಕರಣವೇ ನಿಲ್ಲುವುದಿಲ್ಲ ಎಂದು ಕೋರ್ಟು ಹೇಳಿದ್ದರೆ, ಕಳೆದುಕೊಂಡದ್ದನ್ನು ಮತದಾರರಿಗೆ ಮರಳಿ ಕೊಡುವವರು ಯಾರು? ಆರೋಪಕ್ಕೂ ತೀರ್ಪಿಗೂ ನಡುವೆ ಕಾನೂನು ಗೆರೆ ಎಳೆದಿರುವುದು ಇದೇ ಕಾರಣಕ್ಕೆ.

ಆ ಗೆರೆಯ ಬೆಲೆ ತಿಳಿಯಬೇಕಾದರೆ ತುರ್ತು ಪರಿಸ್ಥಿತಿಗೆ ಹೋಗಬೇಕು. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬರೋಡ ಡೈನಮೈಟ್ ಪ್ರಕರಣದ ಆರೋಪಿಯಾಗಿ 1976ರ ಜೂನ್‌ನಲ್ಲಿ ಬಂಧಿತರಾದರು. 1977ರ ಚುನಾವಣೆಯನ್ನು ಜೈಲಿನಿಂದಲೇ ಎದುರಿಸಿ, ಬಿಹಾರದ ಮುಜಫ್ಫರ್‌ಪುರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಹೊಸ ಸರ್ಕಾರ ಪ್ರಕರಣ ಹಿಂದಕ್ಕೆ ಪಡೆಯಿತು, ಆರೋಪಿಯಾಗಿದ್ದವರು ಕೇಂದ್ರ ಮಂತ್ರಿಯಾದರು. ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರೂ ಆ ದಿನಗಳಲ್ಲಿ ಜೈಲಿನಲ್ಲಿದ್ದವರು. ಮುಂದೆ ಮುಖ್ಯಮಂತ್ರಿಯಾಗಿ 1997ರಲ್ಲಿ ದಾವಣಗೆರೆ ಜಿಲ್ಲೆಯನ್ನು ಮಾಡಿದವರು ಅವರೇ. ಜೈಲಿಗೆ ಹೋದವರೆಲ್ಲ ಅನರ್ಹರು ಎಂಬ ಕಾನೂನು ಇದ್ದಿದ್ದರೆ ಆ ತಲೆಮಾರಿನ ಅರ್ಧ ನಾಯಕರನ್ನು ಆಳುವ ಪಕ್ಷ ಒಂದೇ ರಾತ್ರಿಯಲ್ಲಿ ಕಣದಿಂದ ಹೊರಗಿಡಬಹುದಿತ್ತು. ಎಫ್‌ಐಆರ್ ಬರೆಯುವ ಪೊಲೀಸರು ಯಾವಾಗಲೂ ಒಂದು ಸರ್ಕಾರದ ಕೈಕೆಳಗಿರುತ್ತಾರೆ ಎಂಬುದನ್ನು ಮರೆತು ಈ ವಿಷಯ ಮಾತಾಡುವ ಹಾಗಿಲ್ಲ.

ಜೈಲಿನಲ್ಲಿದ್ದವರು ಮತ ಹಾಕುವಂತಿಲ್ಲ, ಆದರೆ ಮತ ಕೇಳಬಹುದು. ಜನತಾ ಪ್ರಾತಿನಿಧ್ಯ ಕಾಯ್ದೆಯ 62ನೇ ಕಲಮಿನ ಈ ವಿಚಿತ್ರವನ್ನು ಸರಿಪಡಿಸಲು 2013ರಲ್ಲಿ ಸುಪ್ರೀಂ ಕೋರ್ಟ್ ಪ್ರಯತ್ನಿಸಿ, ಜೈಲಿನಲ್ಲಿದ್ದವರು ಸ್ಪರ್ಧಿಸುವಂತಿಲ್ಲ ಎಂದಿತ್ತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಿತು. ಹಾಗಾಗಿಯೇ 2024ರಲ್ಲಿ ಪಂಜಾಬಿನ ಅಮೃತ್‌ಪಾಲ್ ಸಿಂಗ್, ಕಾಶ್ಮೀರದ ಎಂಜಿನಿಯರ್ ರಶೀದ್ ಜೈಲಿನಿಂದಲೇ ಗೆದ್ದರು. ಜುಲೈ 5ರಂದು ಪೊಲೀಸ್ ಕಾವಲಿನಲ್ಲಿ ಬಂದು ಪ್ರಮಾಣವಚನ ತೆಗೆದುಕೊಂಡು ಮರಳಿದರು. ಗೆಲುವು ಜೈಲಿನ ಬಾಗಿಲು ತೆರೆಯುವುದಿಲ್ಲ. ಅಧಿವೇಶನದ ಕಾಲದಲ್ಲಿ ಶಾಸಕರನ್ನು ಬಂಧಿಸುವಂತಿಲ್ಲ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ, ಅದು ಸಿವಿಲ್ ವ್ಯಾಜ್ಯಗಳಿಗೆ ಮಾತ್ರ. ಕ್ರಿಮಿನಲ್ ಪ್ರಕರಣದಲ್ಲಿ ಬಂಧಿಸಲು ಅಡ್ಡಿಯಿಲ್ಲ, ಸ್ಪೀಕರ್‌ಗೆ ತಿಳಿಸಿದರೆ ಆಯಿತು.

ಹರಿಹರದಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸಿಗುವ ಧಾರವಾಡದ ಕತೆ ಇನ್ನೂ ಬೇರೆ. ಯೋಗೀಶಗೌಡ ಕೊಲೆ ಪ್ರಕರಣದಲ್ಲಿ ಸಿಬಿಐ ಬಂಧಿಸಿದ್ದ ವಿನಯ ಕುಲಕರ್ಣಿಯವರಿಗೆ 2021ರಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಾಗ ಧಾರವಾಡ ಪ್ರವೇಶಿಸಬಾರದು ಎಂಬ ಷರತ್ತಿತ್ತು. 2023ರಲ್ಲಿ ಕ್ಷೇತ್ರಕ್ಕೆ ಕಾಲಿಡದೆಯೇ ಅವರು ಧಾರವಾಡದಿಂದ ಗೆದ್ದರು. 2025ರ ಜೂನ್‌ನಲ್ಲಿ ಆ ಜಾಮೀನೂ ರದ್ದಾಯಿತು. ಬಾಗಿಲಿಗೆ ಬರಲಾಗದವರನ್ನು ಜನ ಆರಿಸಿದರು, ಕಾನೂನು ಅದನ್ನು ಮಾನ್ಯ ಮಾಡಿತು. ಆ ಕ್ಷೇತ್ರದ ಮನುಷ್ಯ ತನ್ನ ಊರಿನ ರಸ್ತೆಗೋ ಕೊಳವೆಬಾವಿಗೋ ಶಾಸಕರನ್ನು ಕಾಣಬೇಕೆಂದರೆ ಜಿಲ್ಲೆ ದಾಟಬೇಕಿತ್ತು.

ಈಗ ಮೇಲಿನ ಕುರ್ಚಿಗಳನ್ನು ನೋಡೋಣ. ನಮ್ಮಲ್ಲಿ 'ಮುಖ್ಯಮಂತ್ರಿಯಾಗಿ ಆಯ್ಕೆಯಾದವರು' ಎಂಬ ಸ್ಥಾನ ಕಾನೂನಿನಲ್ಲಿ ಇಲ್ಲವೇ ಇಲ್ಲ. ಶಾಸಕಾಂಗ ಪಕ್ಷ ನಾಯಕರನ್ನು ಆರಿಸುತ್ತದೆ, ರಾಜ್ಯಪಾಲರು ನೇಮಿಸುತ್ತಾರೆ, ಆಮೇಲೆ ಪ್ರಮಾಣವಚನ. ಆಯ್ಕೆಗೂ ಪ್ರಮಾಣವಚನಕ್ಕೂ ನಡುವಿನ ದಿನಗಳಲ್ಲಿ ಏನಾಗಬಹುದು ಎಂಬುದನ್ನು ತೋರಿಸಿದ್ದು ತಮಿಳುನಾಡು, ಅದರ ಕೋರ್ಟು ಮಾತ್ರ ಬೆಂಗಳೂರಿನದು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತ್ತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ತೀರ್ಪು ಕೊಟ್ಟ ದಿನವೇ ಅವರ ಶಾಸಕ ಸ್ಥಾನವೂ ಮುಖ್ಯಮಂತ್ರಿ ಪದವಿಯೂ ಹೋದವು. 2015ರ ಮೇನಲ್ಲಿ ಕರ್ನಾಟಕ ಹೈಕೋರ್ಟ್ ಖುಲಾಸೆಗೊಳಿಸಿತು, ಅವರು ಮತ್ತೆ ಮುಖ್ಯಮಂತ್ರಿಯಾದರು. ಅವರ ನಿಧನದ ನಂತರ, 2017ರ ಫೆಬ್ರವರಿ 5ರಂದು ಪಕ್ಷದ ಶಾಸಕರು ಅದೇ ಪ್ರಕರಣದ ಸಹ ಆರೋಪಿ ಶಶಿಕಲಾ ಅವರನ್ನು ನಾಯಕಿಯಾಗಿ ಆರಿಸಿದರು. ರಾಜ್ಯಪಾಲರು ಪ್ರಮಾಣವಚನಕ್ಕೆ ಕರೆಯಲಿಲ್ಲ. 14ರಂದು ಸುಪ್ರೀಂ ಕೋರ್ಟ್ ಕುನ್ಹಾ ಅವರ ತೀರ್ಪನ್ನು ಎತ್ತಿಹಿಡಿಯಿತು, 15ರಂದು ಶಶಿಕಲಾ ಪರಪ್ಪನ ಅಗ್ರಹಾರ ಸೇರಿದರು. ಹತ್ತು ದಿನಗಳಲ್ಲಿ ಮುಖ್ಯಮಂತ್ರಿಯಾಗಬೇಕಿದ್ದವರು ಕೈದಿಯಾದರು. ಅಂದು ರಾಜ್ಯಪಾಲರು ಕಾದದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಇದೆ. ನನ್ನ ಅಭಿಪ್ರಾಯದಲ್ಲಿ, ತೀರ್ಪು ಬಾಗಿಲಲ್ಲೇ ನಿಂತಿದ್ದಾಗ ಕಾದದ್ದು ಒಳ್ಳೆಯದೇ ಆಯಿತು. ಆದರೆ ಹಾಗೆ ಕಾಯುವ ಅಧಿಕಾರ ರಾಜ್ಯಪಾಲರಿಗೆ ಎಷ್ಟು ದಿನ ಇರಬೇಕು ಎಂದು ಎಲ್ಲೂ ಬರೆದಿಲ್ಲ, ಅದೇ ಭಯದ ಸಂಗತಿ.

ಕಾಯದೆ ಪ್ರಮಾಣವಚನ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಜಯಲಲಿತಾ ಅವರೇ ಉದಾಹರಣೆ. ತಾನ್ಸಿ ಪ್ರಕರಣದಲ್ಲಿ ಶಿಕ್ಷೆಯಾಗಿ ಸ್ಪರ್ಧಿಸಲೂ ಆಗದಿದ್ದ ಅವರು 2001ರ ಮೇ 14ರಂದು ಮುಖ್ಯಮಂತ್ರಿಯಾದರು. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು ಎಂಬ 164ನೇ ವಿಧಿಯ ಅವಕಾಶ ಅವರ ಆಧಾರ. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಆ ನೇಮಕವನ್ನೇ ಅಸಿಂಧುಗೊಳಿಸಿತು. ಜನಾದೇಶ ಎಷ್ಟೇ ದೊಡ್ಡದಿರಲಿ, ಸಂವಿಧಾನ ಅನರ್ಹ ಎಂದವರನ್ನು ಅದು ಅರ್ಹರನ್ನಾಗಿ ಮಾಡದು ಎಂಬುದು ಆ ತೀರ್ಪಿನ ತಿರುಳು. ಕರ್ನಾಟಕದಲ್ಲಿ ಇದಕ್ಕೆ ತದ್ವಿರುದ್ಧವಾದದ್ದೂ ನಡೆದಿದೆ. ಯಡಿಯೂರಪ್ಪನವರು 2011ರಲ್ಲಿ ಆರೋಪಗಳ ಒತ್ತಡಕ್ಕೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು, ಅಕ್ಟೋಬರ್‌ನಲ್ಲಿ ಜೈಲಿಗೂ ಹೋದರು. 2016ರ ಅಕ್ಟೋಬರ್ 26ರಂದು ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಆಮೇಲೆ ಅವರು ಮತ್ತೆ ಮುಖ್ಯಮಂತ್ರಿಯಾದರು.

ಪ್ರಧಾನಿಗೂ ಮುಖ್ಯಮಂತ್ರಿಗೂ ಇಲ್ಲದ ರಕ್ಷಣೆ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಇದೆ. 361ನೇ ವಿಧಿಯ ಪ್ರಕಾರ ಅವರ ಅಧಿಕಾರಾವಧಿಯಲ್ಲಿ ಯಾವ ಕ್ರಿಮಿನಲ್ ಪ್ರಕರಣವನ್ನೂ ಹೂಡುವಂತಿಲ್ಲ, ಮೊದಲೇ ಇದ್ದದ್ದನ್ನು ಮುಂದುವರಿಸುವಂತಿಲ್ಲ. ಬಾಬ್ರಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಉಳಿದವರ ವಿಚಾರಣೆಗೆ ಆದೇಶಿಸಿದಾಗ, ರಾಜಸ್ಥಾನದ ರಾಜ್ಯಪಾಲರಾಗಿದ್ದ ಕಲ್ಯಾಣ್ ಸಿಂಗ್ ಅವರನ್ನು ಆ ಹುದ್ದೆ ಮುಗಿಯುವವರೆಗೆ ಬಿಟ್ಟಿತು. 2019ರಲ್ಲಿ ಅವಧಿ ಮುಗಿದ ತಿಂಗಳೇ ಅವರು ಕೋರ್ಟಿಗೆ ಹಾಜರಾದರು, 2020ರಲ್ಲಿ ಎಲ್ಲರೊಂದಿಗೆ ಖುಲಾಸೆಯಾದರು. ಆದರೆ 'ಅಧಿಕಾರಾವಧಿ' ಎಂಬ ಮಾತನ್ನು ಗಮನಿಸಿ. 2022ರಲ್ಲಿ ದ್ರೌಪದಿ ಮುರ್ಮು ಅವರ ಆಯ್ಕೆ ಜುಲೈ 21ರಂದು ಘೋಷಣೆಯಾಯಿತು, ಪ್ರಮಾಣವಚನ 25ರಂದು. 56ನೇ ವಿಧಿಯಂತೆ ಅವಧಿ ಶುರುವಾಗುವುದು ಅಧಿಕಾರ ವಹಿಸಿಕೊಂಡ ದಿನದಿಂದ. ಅಂದರೆ ಯಾರೇ ಆಯ್ಕೆಯಾಗಲಿ, ನಡುವಿನ ಆ ಕೆಲವು ದಿನ ಅವರು ನಮ್ಮ ನಿಮ್ಮಂತೆ ಬರೀ ನಾಗರಿಕರು, 361ರ ಕವಚ ಇನ್ನೂ ಮೈಮೇಲೆ ಬಂದಿರುವುದಿಲ್ಲ.

ಅಮೆರಿಕದಲ್ಲಿ ಈ ನಡುವಿನ ಕಾಲ ಎರಡೂವರೆ ತಿಂಗಳು. ಡೊನಾಲ್ಡ್ ಟ್ರಂಪ್ 2024ರ ಮೇ 30ರಂದು ನ್ಯೂಯಾರ್ಕಿನಲ್ಲಿ 34 ಆರೋಪಗಳಲ್ಲಿ ದೋಷಿಯಾದರು, ನವೆಂಬರ್ 5ರಂದು ಗೆದ್ದರು. ಅಲ್ಲಿನ ಸಂವಿಧಾನ ವಯಸ್ಸು, ಹುಟ್ಟು, ವಾಸ ಕೇಳುತ್ತದೆಯೇ ಹೊರತು ಕ್ರಿಮಿನಲ್ ಹಿನ್ನೆಲೆಯನ್ನು ಕೇಳುವುದಿಲ್ಲ. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ಮೊಕದ್ದಮೆ ನಡೆಸುವುದಿಲ್ಲ ಎಂಬುದು 1973ರಿಂದ ಅಲ್ಲಿನ ನ್ಯಾಯ ಇಲಾಖೆಯ ನಿಲುವು. ಹಾಗಾಗಿ ವಿಶೇಷ ವಕೀಲ ಜಾಕ್ ಸ್ಮಿತ್ ನವೆಂಬರ್ 25ರಂದು ತಮ್ಮ ಪ್ರಕರಣಗಳಿಂದ ಹಿಂದೆ ಸರಿದರು. ನ್ಯೂಯಾರ್ಕಿನ ನ್ಯಾಯಾಧೀಶ ಹುವಾನ್ ಮರ್ಚನ್ ಮಾತ್ರ, ಚುನಾಯಿತರಾಗಿ ಇನ್ನೂ ಅಧಿಕಾರ ವಹಿಸದವರಿಗೆ ಅಧ್ಯಕ್ಷರ ರಕ್ಷಣೆ ಇಲ್ಲ ಎಂದರು. 2025ರ ಜನವರಿ 10ರಂದು, ಪ್ರಮಾಣವಚನಕ್ಕೆ ಹತ್ತು ದಿನ ಮುಂಚೆ, ಜೈಲೂ ದಂಡವೂ ಇಲ್ಲದ ಬೇಷರತ್ ಬಿಡುಗಡೆಯ ಆದೇಶ ಕೊಟ್ಟರು. ದೋಷಿ ಎಂಬ ದಾಖಲೆ ಮಾತ್ರ ಉಳಿಯಿತು. ಅಂಥ ತೀರ್ಪು ಬಂದವರು ನಮ್ಮಲ್ಲಿ ಸ್ಪರ್ಧಿಸಬಹುದೇ ಎಂದರೆ, ಅದು ಸಜೆ ಎಷ್ಟು, ಯಾವ ಕಾನೂನಿನಡಿ ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ಅಪರಾಧದಲ್ಲಿ ಸಜೆಯೇ ಇಲ್ಲದಿದ್ದರೆ ನಮ್ಮ ಕಾನೂನೂ ತಡೆಯುವುದಿಲ್ಲ. ಮಂಡಕ್ಕಿ ಅಂಗಡಿಯ ಹಿರಿಯರಿಗೆ ಅಂದು ನಾನು ಇಷ್ಟನ್ನು ಹೇಳಲಿಲ್ಲ, ಹೇಳಬೇಕಿತ್ತು.

ಪಂಚಾಯಿತಿ ಅಧ್ಯಕ್ಷರ ಮಾತಿಗೆ ಮರಳುತ್ತೇನೆ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ತೀರ್ಪು ಬಂದದ್ದು ಒಬ್ಬ ಪಂಚಾಯಿತಿ ಅಧ್ಯಕ್ಷರ ವಿಷಯದಲ್ಲೇ. ಕೊಯಮತ್ತೂರು ಜಿಲ್ಲೆಯ ತೆಕ್ಕಂಪಟ್ಟಿ ಪಂಚಾಯಿತಿಗೆ 2006ರಲ್ಲಿ ಆಯ್ಕೆಯಾದ ಕೃಷ್ಣಮೂರ್ತಿ ಎಂಬವರು ತಮ್ಮ ಮೇಲಿದ್ದ ಹಲವು ಪ್ರಕರಣಗಳಲ್ಲಿ ಒಂದನ್ನು ಮಾತ್ರ ಬರೆದು ಉಳಿದವನ್ನು ಮುಚ್ಚಿಟ್ಟಿದ್ದರು. 2015ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಹೇಳಿತು: ಪ್ರಕರಣ ಇರುವುದು ಅನರ್ಹತೆಯಲ್ಲ, ಆದರೆ ಅದನ್ನು ಮತದಾರರಿಂದ ಮುಚ್ಚಿಟ್ಟರೆ ಆ ಗೆಲುವು ನಿಲ್ಲುವುದಿಲ್ಲ. ಹಳ್ಳಿಯೊಂದರ ಪಂಚಾಯಿತಿಯಿಂದ ಹುಟ್ಟಿದ ಈ ಮಾತು ಇಂದು ದೇಶದ ಎಲ್ಲ ಅಭ್ಯರ್ಥಿಗಳಿಗೂ ಅನ್ವಯ. ಇನ್ನೊಂದು ಸಂಗತಿಯೂ ಇದೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ದುರ್ನಡತೆಗಾಗಿ ವಿಚಾರಣೆ ನಡೆಸಿ ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನು ಸರ್ಕಾರವೇ ತೆಗೆದುಹಾಕಬಹುದು. ಊರಿನ ಜನ ಆರಿಸಿದವರ ಸ್ಥಾನ ಇಷ್ಟು ಸುಲಭವಾಗಿ ಕಿತ್ತುಕೊಳ್ಳಬಹುದಾದದ್ದು, ಶಾಸಕರದ್ದು ಮಾತ್ರ ತೀರ್ಪಿನವರೆಗೂ ಭದ್ರ. ಹಳ್ಳಿಯವರ ಮತಕ್ಕೆ ಕಡಿಮೆ ತೂಕ ಎಂದು ಇದರರ್ಥವಾಗುತ್ತದೆ, ಇದನ್ನು ಒಪ್ಪಲು ನನ್ನಿಂದಾಗದು.

ಮೇಲಿನವರಿಗೂ ಇಂಥದ್ದೊಂದು ನಿಯಮ ಬೇಕೆಂದು 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ 130ನೇ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಐದು ವರ್ಷ ಅಥವಾ ಹೆಚ್ಚು ಸಜೆಯ ಆರೋಪದಲ್ಲಿ 30 ದಿನ ಸತತ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಮಂತ್ರಿ ಯಾರೇ ಆದರೂ 31ನೇ ದಿನ ಪದವಿ ಬಿಡಬೇಕು ಎನ್ನುತ್ತದೆ ಅದು. ಬಿಡುಗಡೆಯಾದ ಮೇಲೆ ಮತ್ತೆ ನೇಮಕವಾಗಬಹುದು. ಜಂಟಿ ಸಮಿತಿಗೆ ಹೋದ ಈ ಮಸೂದೆಯ ಹಿಂದೆ, 2024ರ ಮಾರ್ಚ್‌ನಲ್ಲಿ ಬಂಧಿತರಾಗಿಯೂ ತಿಂಗಳುಗಟ್ಟಲೆ ಮುಖ್ಯಮಂತ್ರಿಯಾಗಿ ಮುಂದುವರಿದ ಅರವಿಂದ ಕೇಜ್ರಿವಾಲರ ನೆನಪಿದೆ. ಜೈಲಿನಿಂದ ಕಡತಕ್ಕೆ ಸಹಿ ಹಾಕುವುದು ನನಗೂ ಹಿಡಿಸದು. ಆದರೂ ಈ ಮಸೂದೆಯನ್ನು ನಾನು ಒಪ್ಪಲಾರೆ. ಅದರಲ್ಲಿ ನ್ಯಾಯಾಧೀಶರ ತೀರ್ಪು ಇಲ್ಲ, ಬಂಧನದ ದಿನಗಳ ಲೆಕ್ಕ ಮಾತ್ರ ಇದೆ. ಜಾಮೀನು ಸಿಗುವುದೇ ಕಷ್ಟವಾದ ಕಾನೂನುಗಳಡಿ 30 ದಿನ ಒಳಗಿಡುವುದು ತನಿಖಾ ಸಂಸ್ಥೆಗೆ ದೊಡ್ಡ ಕೆಲಸವಲ್ಲ. ಕನಿಷ್ಠ ಮೂರನೆಯ ಹಂತ, ಅಂದರೆ ನ್ಯಾಯಾಧೀಶರು ಆರೋಪ ನಿಗದಿ ಮಾಡಿದ ಮೇಲೆ ಎಂದಿದ್ದರೆ ಚರ್ಚಿಸಬಹುದಿತ್ತು.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಆಗಲೇ ಆದೇಶದ ರೂಪದಲ್ಲಿದೆ. 2014ರ ಮಾರ್ಚ್ 10ರಂದು ಸುಪ್ರೀಂ ಕೋರ್ಟ್, ಶಾಸಕ ಸಂಸದರ ಗಂಭೀರ ಪ್ರಕರಣಗಳ ವಿಚಾರಣೆ ಆರೋಪ ನಿಗದಿಯಾದ ಒಂದು ವರ್ಷದೊಳಗೆ ಮುಗಿಯಬೇಕು ಎಂದಿತ್ತು. ಅದಕ್ಕಾಗಿ ವಿಶೇಷ ನ್ಯಾಯಾಲಯಗಳೂ ಬಂದವು. ಕರ್ನಾಟಕದ್ದು ಬೆಂಗಳೂರಿನಲ್ಲಿದೆ, ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಹರಿಹರದ ಸಾಕ್ಷಿಯೊಬ್ಬ ನಸುಕಿನ ರೈಲು ಹತ್ತಿ, ಕೋರ್ಟಿಗೆ ಹೋಗಿ, ವಾಯಿದೆ ಮುಂದೆ ಹೋಯಿತೆಂದು ಕೇಳಿ ರಾತ್ರಿ ಮರಳುವಂತಾದರೆ ಆತನ ಒಂದು ದಿನದ ದುಡಿಮೆ ಹೋಯಿತು. ನಾಲ್ಕನೇ ಸಲಕ್ಕೆ ಆತ ಹೋಗುವುದಿಲ್ಲ. ಸಾಕ್ಷಿ ಬಾರದೆ ಬಿದ್ದುಹೋಗುವ ಪ್ರಕರಣವೂ ದಾಖಲೆಯಲ್ಲಿ ಖುಲಾಸೆಯೇ.

ವಿಚಾರಣೆಗಳು ಹೊತ್ತಿಗೆ ಸರಿಯಾಗಿ ಮುಗಿಯುವಂತಾಗುವವರೆಗೆ ಮತದಾರರ ಕೈಯಲ್ಲಿರುವುದು ನಮೂನೆ 26. ನಾಮಪತ್ರದ ಜೊತೆ ಅಭ್ಯರ್ಥಿ ಸಲ್ಲಿಸುವ ಈ ಪ್ರಮಾಣಪತ್ರದ ಪ್ರತಿಯನ್ನು ಚುನಾವಣಾಧಿಕಾರಿಯ ಕಚೇರಿಯ ಫಲಕಕ್ಕೆ ಹಚ್ಚುತ್ತಾರೆ, ಆಯೋಗದ ಜಾಲತಾಣದಲ್ಲೂ ಹಾಕುತ್ತಾರೆ. ಅದರಲ್ಲಿ ಪ್ರಕರಣದ ಸಂಖ್ಯೆ, ಠಾಣೆ, ಕಲಂ, ನ್ಯಾಯಾಲಯ, ಆರೋಪ ನಿಗದಿಯಾಗಿದ್ದರೆ ಅದರ ದಿನಾಂಕ ಎಲ್ಲ ಬರೆದಿರಬೇಕು. ಸುಪ್ರೀಂ ಕೋರ್ಟಿನ 2020ರ ಫೆಬ್ರವರಿ 13ರ ಆದೇಶದ ಮೇಲೆ, ಇಂಥವರಿಗೇ ಯಾಕೆ ಟಿಕೆಟ್ ಕೊಟ್ಟೆವು ಎಂದು ಪಕ್ಷಗಳೂ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಗೆಲ್ಲುವ ಸಾಮರ್ಥ್ಯ ಒಂದೇ ಕಾರಣವಾಗುವಂತಿಲ್ಲ. ಮುಂದಿನ ಸಲ ನಾಮಪತ್ರದ ವಾರದಲ್ಲಿ ಆ ಫಲಕದ ಮುಂದೆ ಐದು ನಿಮಿಷ ನಿಲ್ಲಿ. ಹಿಂದಿನ ಚುನಾವಣೆಯಲ್ಲೂ ನಿಂತಿದ್ದವರು ಯಾರಾದರೂ ಇದ್ದರೆ ಅವರ ಹಳೆಯ ನಮೂನೆಯನ್ನೂ ತೆಗೆದು ಪಕ್ಕದಲ್ಲಿಡಿ. ಆಸ್ತಿಯ ಪುಟವನ್ನು ಎಲ್ಲರೂ ನೋಡುತ್ತಾರೆ. ನೀವು ಪ್ರಕರಣದ ಪುಟ ತೆರೆದು, ಐದು ವರ್ಷದ ಹಿಂದೆ ಇದ್ದ ಅದೇ ಸಂಖ್ಯೆ ಈಗಲೂ ಅದೇ ಹಂತದಲ್ಲಿದೆಯೇ ನೋಡಿ.